ಮಣ್ಣುದಾರಿಗೆ ಮೊದಲ ಬೈಕು: ಚಿಕ್ಕ ಡ್ಯುಯಲ್ ಸ್ಪೋರ್ಟ್ ಆರಿಸುವುದು ಹೇಗೆ

ರಸ್ತೆಯಲ್ಲೂ ಮಣ್ಣುದಾರಿಯಲ್ಲೂ ಓಡುವ ಡ್ಯುಯಲ್ ಸ್ಪೋರ್ಟ್ ಬೈಕು ಕೊಳ್ಳಲು ಹೊರಟವರು ಮೊದಲು ಕೇಳುವುದು ಎಷ್ಟು ಸಿಸಿ, ಎಷ್ಟು ಪವರ್ ಅಂತ. ಮಣ್ಣುದಾರಿಯಲ್ಲಿ ಆ ಎರಡೂ ಕೊನೆಯಲ್ಲಿ ನೋಡಬೇಕಾದವು. ಕಡಿದಾದ ಏರಿನ ಮಧ್ಯೆ ಎಂಜಿನ್ ಬಂದ್ ಆಗಿ ಬೈಕು ಓರೆಯಾದಾಗ ಕಾಲು ನೆಲಕ್ಕೆ ಸಿಗುತ್ತದೆಯೇ? ಬಿದ್ದರೆ ಒಬ್ಬರೇ ಎತ್ತಲು ಆಗುತ್ತದೆಯೇ? ಅಲ್ಲಿಂದಲೇ ಒಂದನೇ ಗೇರಿನಲ್ಲಿ ನಿಧಾನಕ್ಕೆ ಮತ್ತೆ ಹೊರಡಬಹುದೇ? ಹೊಸಬರು ಬೈಕನ್ನು ಅಳೆಯಬೇಕಾದದ್ದು ಈ ಮೂರು ಪ್ರಶ್ನೆಗಳಿಂದ. ತೂಕ, ಎತ್ತರ, ಗೇರು ಸರಿಹೊಂದಿದರೆ 200 ಸಿಸಿ ಬೈಕಿನಲ್ಲೇ ಹೆಚ್ಚಿನ ಕಾಡುದಾರಿಗಳನ್ನು ಓಡಿಸಬಹುದು. ಅವು ಹೊಂದದಿದ್ದರೆ 400 ಸಿಸಿ ಇದ್ದೂ ಏನೂ ಮಾಡಲಾಗದು.

ಯಾವುದು ಡ್ಯುಯಲ್ ಸ್ಪೋರ್ಟ್, ಯಾವುದು ಅಲ್ಲ

ರಸ್ತೆಗೆ ಬೇಕಾದ ಲೈಟು, ಇಂಡಿಕೇಟರ್, ನಂಬರ್ ಪ್ಲೇಟು ಎಲ್ಲವೂ ಇದ್ದು, ಮುಂದೆ 21 ಇಂಚು, ಹಿಂದೆ 18 ಇಂಚಿನ ಸ್ಪೋಕ್ ಚಕ್ರ, ಉದ್ದ ಟ್ರಾವೆಲ್ಲಿನ (ಚಕ್ರ ಮೇಲೆ ಕೆಳಗೆ ಆಡುವ ದೂರ) ಸಸ್ಪೆನ್ಷನ್, ಸಪೂರ ಮೈ ಇರುವ ಬೈಕು ಡ್ಯುಯಲ್ ಸ್ಪೋರ್ಟ್. ಇದರ ಆಚೀಚೆ ನೋಡಲು ಹೀಗೇ ಕಾಣುವ ಎರಡು ಜಾತಿಗಳಿವೆ. ಹೊಸಬರು ಎಡವುವುದು ಅಲ್ಲೇ.

ಒಂದು, ಅಡ್ವೆಂಚರ್ ಬೈಕು. ದೊಡ್ಡ ಟ್ಯಾಂಕು, ವಿಂಡ್‌ಶೀಲ್ಡ್, ಲಗೇಜಿಗೆ ಕಂಬಿ. ತೂಕ ಹೆಚ್ಚಾಗಿ 180ರಿಂದ 200 ಕೆ.ಜಿ. ದಾಟಿರುತ್ತದೆ. ಜಲ್ಲಿರಸ್ತೆಯಲ್ಲಿ ದಿನವಿಡೀ ಹಾಯಾಗಿ ಓಡುತ್ತದೆ. ಬೇರು, ಬಂಡೆ, ಕೊರಕಲು ತುಂಬಿದ ಕಾಲುದಾರಿಯಲ್ಲಿ ಹೊಸಬರ ಕೈಗೆ ಬಗ್ಗುವುದಿಲ್ಲ. ಇನ್ನೊಂದು, ನಂಬರ್ ಪ್ಲೇಟು ಸಿಗುವ ಸ್ಪರ್ಧಾ ಎಂಡ್ಯೂರೊ, ಅಂದರೆ ಕಾಡುದಾರಿಯ ಸ್ಪರ್ಧೆಗೆಂದೇ ಮಾಡಿದ ಬೈಕು. ತೂಕ 105ರಿಂದ 115 ಕೆ.ಜಿ.; ಅದನ್ನು ಕೇಳಿದರೆ ಆಸೆಯಾಗುತ್ತದೆ. ಆದರೆ ಸೀಟು 950 ಮಿ.ಮೀ. ಆಸುಪಾಸು, ಎಂಜಿನ್ ಆಯಿಲನ್ನು ಕಿಲೋಮೀಟರ್ ಲೆಕ್ಕದಲ್ಲಲ್ಲ, ಓಡಿದ ಗಂಟೆಗಳ ಲೆಕ್ಕದಲ್ಲಿ ಬದಲಿಸಬೇಕು, ಪಿಸ್ಟನ್‌ಗೂ ಗಂಟೆಯ ಲೆಕ್ಕವೇ. ಥ್ರಾಟಲ್ ತುಸು ತಿರುವಿದರೂ ನೆಗೆಯುವ ಎಂಜಿನ್ ಮೇಲೆ ಕೂತು ಹಾಫ್ ಕ್ಲಚ್ ಕಲಿಯುವುದು ಕಷ್ಟ. ಮೊದಲ ಬೈಕಾಗಿ ಇವೆರಡೂ ಬೇಡ.

ತೂಕ

ಕ್ಯಾಟಲಾಗಿನಲ್ಲಿ ಎರಡು ಬಗೆಯ ತೂಕ ಬರೆದಿರುತ್ತಾರೆ. ‘ಡ್ರೈ’ ಅಂದರೆ ಪೆಟ್ರೋಲ್ ಇಲ್ಲದೆ, ಕೆಲವೊಮ್ಮೆ ಆಯಿಲ್, ಬ್ಯಾಟರಿಯೂ ಇಲ್ಲದೆ. ‘ಕರ್ಬ್’ ಅಂದರೆ ಎಲ್ಲವನ್ನೂ ತುಂಬಿ ಓಡಲು ಸಿದ್ಧವಾದಾಗ. ಹೋಲಿಸುವುದಿದ್ದರೆ ಕರ್ಬ್ ತೂಕವನ್ನೇ ಹೋಲಿಸಿ. ಪೆಟ್ರೋಲ್ ಲೀಟರಿಗೆ ಸುಮಾರು 0.74 ಕೆ.ಜಿ. ತೂಗುತ್ತದೆ, 8 ಲೀಟರ್ ಟ್ಯಾಂಕಿಗೂ 13 ಲೀಟರ್ ಟ್ಯಾಂಕಿಗೂ ತುಂಬಿದಾಗ ಮೂರೂವರೆ ಕೆ.ಜಿ.ಗೂ ಹೆಚ್ಚು ವ್ಯತ್ಯಾಸ, ಅದೂ ಬೈಕಿನ ಎತ್ತರದ ಭಾಗದಲ್ಲಿ.

ಹೊಸಬರಿಗೆ 125ರಿಂದ 145 ಕೆ.ಜಿ. ಒಳ್ಳೆಯ ಮಿತಿ. 155 ದಾಟಿದರೆ ಬಿದ್ದ ಬೈಕನ್ನು ದಿನಕ್ಕೆ ನಾಲ್ಕೈದು ಸಲ ಎತ್ತುವಾಗ ಸುಸ್ತು ಗೊತ್ತಾಗುತ್ತದೆ, ಸುಸ್ತಾದ ಮೇಲೆ ಬೀಳುವುದು ಇನ್ನೂ ಜಾಸ್ತಿಯಾಗುತ್ತದೆ. ಮಣ್ಣಿನಲ್ಲಿ ಕಲಿಯುವವರು ಬೀಳುವುದು ಖಚಿತ, ಆದ್ದರಿಂದ ಕೊಳ್ಳುವ ಮೊದಲೇ ಎತ್ತಿ ನೋಡಿ. ಮಾರುವವರು ಒಪ್ಪಿದರೆ ಹುಲ್ಲಿನ ಮೇಲೆ ಮೆಲ್ಲಗೆ ಮಲಗಿಸಿ ಹೀಗೆ ಮಾಡಿ:

1. ಎಂಜಿನ್ ಆಫ್. ಕಾರ್ಬುರೇಟರ್ ಬೈಕಾದರೆ ಪೆಟ್ರೋಲ್ ಕಾಕ್ ಬಂದ್.
2. ಚಕ್ರ ಉರುಳದಂತೆ ಗೇರು ಹಾಕಿ. ಬೈಕು ಬಲಕ್ಕೆ ಬಿದ್ದಿದ್ದರೆ ಮೊದಲೇ ಸೈಡ್ ಸ್ಟ್ಯಾಂಡ್ ತೆರೆದಿಡಿ, ಇಲ್ಲದಿದ್ದರೆ ಎತ್ತಿದ ರಭಸಕ್ಕೆ ಆ ಕಡೆ ಮಲಗುತ್ತದೆ.
3. ಇಳಿಜಾರಿನಲ್ಲಿ ಚಕ್ರಗಳು ಮೇಲ್ಬದಿಗೆ, ಸೀಟು ಕೆಳಬದಿಗೆ ಇದ್ದರೆ ಹಾಗೇ ಎತ್ತಲು ಹೋಗಬೇಡಿ. ಮುಂದಿನ ಚಕ್ರ ಹಿಡಿದು ನೆಲದ ಮೇಲೇ ಬೈಕನ್ನು ತಿರುಗಿಸಿ, ಚಕ್ರಗಳು ಕೆಳಬದಿಗೆ ಬರಲಿ. 130 ಕೆ.ಜಿ.ಯ ಬೈಕನ್ನು ಹೀಗೆ ಎಳೆದು ತಿರುಗಿಸಬಹುದು, 200 ಕೆ.ಜಿ.ಯದ್ದನ್ನು ಒಬ್ಬರಿಂದ ಆಗದು.
4. ಬೈಕಿಗೆ ಬೆನ್ನು ಕೊಟ್ಟು ಕೂತು, ಒಂದು ಕೈಯಲ್ಲಿ ಕೆಳಗಿರುವ ಹ್ಯಾಂಡಲ್ ಹಿಡಿ, ಇನ್ನೊಂದರಲ್ಲಿ ಸೀಟಿನ ಕೆಳಗಿನ ಫ್ರೇಮ್ ಹಿಡಿದು, ಬೆನ್ನು ನೆಟ್ಟಗಿಟ್ಟು ಕಾಲಿನ ಬಲದಿಂದ ಸಣ್ಣ ಹೆಜ್ಜೆಗಳಲ್ಲಿ ಹಿಂದಕ್ಕೆ ನೂಕುತ್ತಾ ಏಳಿ.

ಮೂರು ಸಲ ಎತ್ತಿದ ಮೇಲೆ ಉಸಿರು ಕಟ್ಟುತ್ತಿದ್ದರೆ ಇನ್ನೂ ಹಗುರದ ಬೈಕು ಹುಡುಕಿ.

ಸೀಟಿನ ಎತ್ತರ

ಸೀಟಿನ ಎತ್ತರ ಅಂತ ಬರೆದಿರುವ ಅಂಕಿಯಲ್ಲಿ ಅರ್ಧ ಸತ್ಯ ಮಾತ್ರ ಇರುತ್ತದೆ. ಮೃದು ಸ್ಪ್ರಿಂಗ್ ಇರುವ ಬೈಕು ನೀವು ಕೂತ ಕೂಡಲೇ ಮೂರ್ನಾಲ್ಕು ಸೆಂಟಿಮೀಟರ್ ತಗ್ಗುತ್ತದೆ. ಸಪೂರ ಸೀಟಿನಲ್ಲಿ ತೊಡೆಗಳು ನೇರ ಕೆಳಗಿಳಿಯುವುದರಿಂದ ಕಾಲು ಬೇಗ ಸಿಗುತ್ತದೆ. ಅಗಲ ಸೀಟಾದರೆ ಅದೇ ಎತ್ತರದಲ್ಲೂ ಕಾಲು ಗಾಳಿಯಲ್ಲಿರುತ್ತದೆ. ಹಾಗಾಗಿ ಅಂಕಿ ನೋಡಿ ಬಿಟ್ಟುಬಿಡಬೇಡಿ, ಓಡಿಸುವಾಗ ಹಾಕುವ ಬೂಟನ್ನೇ ಹಾಕಿಕೊಂಡು ಕೂತು ನೋಡಿ.

ಎರಡೂ ಪಾದಗಳ ಮುಂಭಾಗ ಒಟ್ಟಿಗೆ ನೆಲ ಮುಟ್ಟಿದರೆ ಹೊಸಬರಿಗೆ ಸಾಕು. ತುದಿಬೆರಳು ಮಾತ್ರ ತಾಗುತ್ತಿದ್ದರೆ ಡಾಂಬರಿನ ಮೇಲೆ ನಡೆದೀತು; ಕಾಡಿನಲ್ಲಿ ಕಾಲಿಡುವ ಜಾಗ ಚಕ್ರ ನಿಂತ ಜಾಗಕ್ಕಿಂತ ತಗ್ಗಿನಲ್ಲೇ ಇರುತ್ತದೆ. ಹಾಗಂತ ಎರಡೂ ಪಾದ ಪೂರ್ತಿ ಊರಲೇಬೇಕು ಅಂತ ಹಟ ಹಿಡಿದರೆ ಸಿಗುವ ಬೈಕಿನ ಹೊಟ್ಟೆ ಪ್ರತಿ ಬಂಡೆಗೂ ತಾಗುತ್ತದೆ. ಎಂಜಿನ್ ಕೆಳಗೆ ಕನಿಷ್ಠ 220 ಮಿ.ಮೀ. ಅಂತರ ಉಳಿಯಲಿ, 250 ಇದ್ದರೆ ಇನ್ನೂ ಒಳ್ಳೆಯದು.

ಇಷ್ಟವಾದ ಬೈಕು ಎರಡು ಸೆಂಟಿಮೀಟರ್ ಎತ್ತರವಾಯಿತು ಅನ್ನಿ. ಮೊದಲು ಸೀಟಿನ ಫೋಮ್ ಕೆತ್ತಿಸಿ: 20ರಿಂದ 25 ಮಿ.ಮೀ. ಇಳಿಯುತ್ತದೆ, ಬೈಕಿನ ನಡತೆ ಬದಲಾಗುವುದಿಲ್ಲ, ಸೀಟು ಗಟ್ಟಿಯಾಗುತ್ತದೆ ಅಷ್ಟೇ. ಹಿಂಭಾಗದ ಲಿಂಕೇಜ್ (ಶಾಕ್‌ಗೆ ಜೋಡಿಸಿದ ಕೊಂಡಿ) ಬದಲಿಸಿ ತಗ್ಗಿಸುವುದು ಎರಡನೆಯ ದಾರಿ. ಅದರಲ್ಲಿ ನೆಲದ ಅಂತರವೂ ಅಷ್ಟೇ ಕಡಿಮೆಯಾಗುತ್ತದೆ, ಸೈಡ್ ಸ್ಟ್ಯಾಂಡ್ ಕತ್ತರಿಸಿ ಗಿಡ್ಡ ಮಾಡಿಸಬೇಕಾಗುತ್ತದೆ. ಹಿಂದೆ ಮಾತ್ರ ತಗ್ಗಿಸಿ ಮುಂದೆ ಹಾಗೇ ಬಿಟ್ಟರೆ ಹ್ಯಾಂಡಲ್ ತಿರುವುಗಳಲ್ಲಿ ತಡವಾಗಿ ತಿರುಗುತ್ತದೆ. ಫೋರ್ಕ್ ಕೊಳವೆಗಳನ್ನು ಕ್ಲಾಂಪಿನಲ್ಲಿ 5ರಿಂದ 10 ಮಿ.ಮೀ. ಮೇಲೆತ್ತಿ ಸರಿದೂಗಿಸಬೇಕು. ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟಿರುವ ಬಿಗಿ) ಪೂರ್ತಿ ಸಡಿಲಿಸಿ ತಗ್ಗಿಸುವವರೂ ಇದ್ದಾರೆ. ಹಾಗೆ ಮಾಡಿದರೆ ಸಣ್ಣ ಗುಂಡಿಗೂ ಶಾಕ್ ತಳ ಕಾಣುತ್ತದೆ.

ಎಂಜಿನ್ ಮತ್ತು ಗೇರು

ಕಾಲುದಾರಿಯ ವೇಗ ಗಂಟೆಗೆ 10ರಿಂದ 30 ಕಿ.ಮೀ. ಈ ವೇಗದಲ್ಲಿ ಬೇಕಾದದ್ದು ಕೆಳಗಿನ ಆರ್‌ಪಿಎಂನಲ್ಲಿ ಕೆಮ್ಮದೆ ಎಳೆಯುವ ಎಂಜಿನ್. ಪರೀಕ್ಷೆ ಸುಲಭ: ಸಮತಟ್ಟು ನೆಲದಲ್ಲಿ ಒಂದನೇ ಗೇರು ಹಾಕಿ, ಕ್ಲಚ್ ಪೂರ್ತಿ ಬಿಟ್ಟು, ಥ್ರಾಟಲ್ ಮುಟ್ಟದೆ ಬಿಡಿ. ಬೇಗ ನಡೆಯುವವರ ವೇಗದಲ್ಲಿ, ಜರ್ಕ್ ಹೊಡೆಯದೆ ಸಾಗಿದರೆ ಒಂದನೇ ಗೇರು ಸರಿಯಾಗಿದೆ. ಬೆನ್ನಟ್ಟಿ ಓಡಬೇಕಾದಷ್ಟು ವೇಗವಿದ್ದರೆ ಗೇರು ಉದ್ದವಾಯಿತು. ಕಲ್ಲಿನ ಏರಿನಲ್ಲಿ ಸದಾ ಹಾಫ್ ಕ್ಲಚ್ಚಿನಲ್ಲೇ ಇರಬೇಕಾಗುತ್ತದೆ, ಪ್ಲೇಟುಗಳು ಸುಡುತ್ತವೆ.

ಉದ್ದ ಗೇರು ಒಂದೇ ದೋಷವಾದರೆ ಬೈಕನ್ನು ಕೈಬಿಡಬೇಕಿಲ್ಲ. ಮುಂದಿನ ಸ್ಪ್ರಾಕೆಟ್ (ಚೈನು ಸುತ್ತುವ ಹಲ್ಲುಚಕ್ರ) ಒಂದು ಹಲ್ಲು ಕಡಿಮೆ ಮಾಡಿದರೆ ಸಾಕು. 14 ಮತ್ತು 40 ಹಲ್ಲು ಇದ್ದದ್ದನ್ನು 13 ಮತ್ತು 40 ಮಾಡಿದರೆ ಅನುಪಾತ 2.86ರಿಂದ 3.08ಕ್ಕೆ ಏರುತ್ತದೆ, ಹಿಂದೆ ಮೂರು ಹಲ್ಲು ಹೆಚ್ಚಿಸಿದಷ್ಟೇ ಫಲ, ಖರ್ಚು ಕಡಿಮೆ. 80 ಕಿ.ಮೀ. ವೇಗದಲ್ಲಿ ಓಡುತ್ತಿದ್ದ ಆರ್‌ಪಿಎಂನಲ್ಲಿ ಈಗ 74 ಸಿಗುತ್ತದೆ. ಒಂದಕ್ಕಿಂತ ಹೆಚ್ಚು ಹಲ್ಲು ಮುಂದೆ ಇಳಿಸಬೇಡಿ: ಚೈನು ಸ್ವಿಂಗ್‌ಆರ್ಮ್ ಮೇಲಿನ ರಬ್ಬರಿಗೆ ಉಜ್ಜಿ ಅದನ್ನು ಬೇಗ ತಿಂದುಹಾಕುತ್ತದೆ.

ಏರ್ ಕೂಲ್ಡ್ ಎಂಜಿನ್ ಹೊಸಬರಿಗೆ ಒಂದು ಚಿಂತೆ ಕಡಿಮೆ ಮಾಡುತ್ತದೆ. ಬಿದ್ದಾಗ ಬಗ್ಗಲು ರೇಡಿಯೇಟರ್ ಇಲ್ಲ, ಸೋರಲು ಕೂಲೆಂಟ್ ಇಲ್ಲ. ಲಿಕ್ವಿಡ್ ಕೂಲ್ಡ್ ಆದರೆ ಫ್ಯಾನ್ ಇರಲೇಬೇಕು, ರೇಡಿಯೇಟರಿಗೆ ಲೋಹದ ಗಾರ್ಡ್ ಹಾಕಿಸಲೇಬೇಕು. ಬದಲಿಗೆ ಹೈವೇಯಲ್ಲಿ ಹೆಚ್ಚು ಹೊತ್ತು ಓಡಿಸಿದರೂ ದಣಿಯದ ಎಂಜಿನ್ ಸಿಗುತ್ತದೆ.

ಕಾರ್ಬುರೇಟರೋ ಫ್ಯೂಯಲ್ ಇಂಜೆಕ್ಷನ್ನೋ ಅನ್ನುವ ವಾದಕ್ಕೆ ಕೊನೆಯಿಲ್ಲ. ಎತ್ತರದ ಬೆಟ್ಟಗಳಿಗೆ ಹೋಗುವವರು ಇಂಜೆಕ್ಷನ್ ತೆಗೆದುಕೊಳ್ಳಿ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಕಾರ್ಬುರೇಟರ್ ಮಾತ್ರ ಪೆಟ್ರೋಲ್ ಅಷ್ಟೇ ಬಿಡುತ್ತಿರುತ್ತದೆ, ಮಿಶ್ರಣ ರಿಚ್ ಆಗಿ ಎಂಜಿನ್ ಕಪ್ಪು ಹೊಗೆ ಉಗುಳುತ್ತಾ ಮಂಕಾಗುತ್ತದೆ. ಸಾವಿರ ಮೀಟರಿಗೆ ಸುಮಾರು ಹತ್ತನೇ ಒಂದು ಭಾಗದಷ್ಟು ಶಕ್ತಿ ಇಂಜೆಕ್ಷನ್ ಬೈಕೂ ಕಳೆದುಕೊಳ್ಳುತ್ತದೆ, ಮಿಶ್ರಣ ಮಾತ್ರ ಸರಿಯಾಗಿರುತ್ತದೆ. ಇಂಜೆಕ್ಷನ್ನಿನ ತೊಂದರೆ ಬ್ಯಾಟರಿ: ಪೂರ್ತಿ ಸತ್ತರೆ ನೂಕಿದರೂ ಪೆಟ್ರೋಲ್ ಪಂಪ್ ಓಡುವುದಿಲ್ಲ. ಕಿಕ್ಕರ್ ಇರುವ ಬೈಕು ಸಿಕ್ಕರೆ ಅದೊಂದು ಲಾಭವೆಂದೇ ಎಣಿಸಿ.

ಎಂಜಿನ್ ವಾಲ್ವಿನ ಅಂತರ ಹೊಂದಿಸುವ ಬಗೆಯನ್ನೂ ವಿಚಾರಿಸಿ. ಸ್ಕ್ರೂ ಮತ್ತು ನಟ್ ಇದ್ದರೆ ಫೀಲರ್ ಗೇಜ್, ಒಂದು ಸ್ಪಾನರ್ ಹಿಡಿದು ಮನೆಯಲ್ಲೇ ಮಾಡಬಹುದು. ಶಿಮ್ (ತೆಳು ಲೋಹದ ಬಿಲ್ಲೆ) ಬಗೆಯದಾದರೆ ಅಂತರ ಕೆಟ್ಟಾಗ ಕ್ಯಾಮ್‌ಶಾಫ್ಟ್ ಬಿಚ್ಚಬೇಕಾಗಬಹುದು. ಆದರೆ ಅದು ಬೇಗ ಕೆಡುವುದೂ ಇಲ್ಲ.

ಚಕ್ರ, ಬ್ರೇಕು, ಸಸ್ಪೆನ್ಷನ್

21 ಇಂಚಿನ ಮುಂಚಕ್ರ ಕಲ್ಲು, ಬೇರು, ಹಳ್ಳಗಳ ಮೇಲೆ ಸಲೀಸಾಗಿ ಉರುಳುತ್ತದೆ. 17 ಇಂಚಿನದು ಅವುಗಳಿಗೆ ಡಿಕ್ಕಿ ಹೊಡೆಯುತ್ತದೆ. ಹಿಂದೆ 18 ಇಂಚು ಇದ್ದರೆ ಬಟನ್ ಟೈರಿನ ಆಯ್ಕೆ ಬಹಳ. 17 ಇದ್ದರೆ ಆಯ್ಕೆ ಕಡಿಮೆ, ಆದರೆ ಅದೊಂದೇ ಕಾರಣಕ್ಕೆ ಬೈಕು ಬಿಡಬೇಡಿ. ಅಲಾಯ್ ಚಕ್ರ ಬೇಡ. ಸ್ಪೋಕ್ ಚಕ್ರ ಬಗ್ಗಿದರೆ ನೆಟ್ಟಗಾಗುತ್ತದೆ, ಅಲಾಯ್ ಬಿರಿದರೆ ಸವಾರಿ ಅಲ್ಲಿಗೇ ಮುಗಿಯಿತು.

ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದರೆ ಹಿಂಚಕ್ರಕ್ಕಾದರೂ ಅದನ್ನು ಆಫ್ ಮಾಡುವ ಸ್ವಿಚ್ ಬೇಕು. ಸಡಿಲ ಜಲ್ಲಿಯ ಕಡಿದಾದ ಇಳಿಜಾರಿನಲ್ಲಿ ಎಬಿಎಸ್ ಬ್ರೇಕನ್ನು ಮತ್ತೆ ಮತ್ತೆ ಬಿಡುತ್ತದೆ, ಬೈಕು ನಿಲ್ಲುವುದೇ ಇಲ್ಲ. ಆಫ್ ಇದ್ದಾಗ ಹಿಂಚಕ್ರ ಲಾಕ್ ಆಗಿ ಮಣ್ಣನ್ನು ಉಳುತ್ತಾ ವೇಗ ಕಡಿಮೆ ಮಾಡುತ್ತದೆ. ಬಹಳಷ್ಟು ಬೈಕುಗಳಲ್ಲಿ ಕೀ ಆಫ್ ಮಾಡಿ ಆನ್ ಮಾಡಿದರೆ ಎಬಿಎಸ್ ತಾನಾಗೇ ಮರಳಿ ಬರುತ್ತದೆ. ಇಳಿಜಾರಿನ ಮೇಲೆ ನಿಂತು ಹೊರಡುವಾಗ ಸೂಚಕ ದೀಪ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಸಸ್ಪೆನ್ಷನ್ ಟ್ರಾವೆಲ್ 180ರಿಂದ 260 ಮಿ.ಮೀ. ನಡುವೆ ಇದ್ದರೆ ಸಾಕು. ಅದಕ್ಕಿಂತ ಮುಖ್ಯ ನಿಮ್ಮ ತೂಕಕ್ಕೆ ಸ್ಪ್ರಿಂಗ್ ಹೊಂದುತ್ತದೆಯೇ ಅನ್ನುವುದು. ಟೇಪ್ ಹಿಡಿದು ಅಳೆಯಿರಿ. ಹಿಂಚಕ್ರ ಗಾಳಿಯಲ್ಲಿದ್ದಾಗ ಆ್ಯಕ್ಸಲ್‌ನಿಂದ ನೇರ ಮೇಲೆ ಮಡ್‌ಗಾರ್ಡಿನ ಒಂದು ಗುರುತಿನವರೆಗೆ ಎಷ್ಟು? ಹೆಲ್ಮೆಟ್, ಬೂಟು ಎಲ್ಲ ಹಾಕಿಕೊಂಡು ನೀವು ಕೂತಾಗ ಎಷ್ಟು? ವ್ಯತ್ಯಾಸ ಒಟ್ಟು ಟ್ರಾವೆಲ್ಲಿನ ಮೂರನೇ ಒಂದು ಭಾಗದ ಹತ್ತಿರ ಬರಬೇಕು: 200 ಮಿ.ಮೀ. ಟ್ರಾವೆಲ್ಲಿಗೆ 60ರಿಂದ 65. ಹೆಚ್ಚಾದರೆ ಪ್ರೀಲೋಡ್ ಬಿಗಿ ಮಾಡಿ, ಕಡಿಮೆಯಾದರೆ ಸಡಿಲಿಸಿ. ಆಮೇಲೆ ನೀವು ಇಳಿದು, ಬೈಕು ತನ್ನ ತೂಕಕ್ಕೇ ಎಷ್ಟು ತಗ್ಗುತ್ತದೆ ನೋಡಿ. 20 ಮಿ.ಮೀ. ಆಸುಪಾಸು ಸರಿ. ನೀವು ಕೂತಾಗಿನ ಅಳತೆ ಸರಿಯಿದ್ದೂ ಬೈಕು ತಾನಾಗಿ ಒಂಚೂರೂ ತಗ್ಗದಿದ್ದರೆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಮೃದುವಾಯಿತು ಅಂತ ಅರ್ಥ. ಪ್ರೀಲೋಡಿನಿಂದ ಅದನ್ನು ಮುಚ್ಚಿಡಬಹುದೇ ಹೊರತು ಸರಿಪಡಿಸಲಾಗದು.

ಕೆಲವು ಮಾದರಿಗಳು

ಯಮಹಾ ಟಿಡಬ್ಲ್ಯೂ 200: 196 ಸಿಸಿ, ಏರ್ ಕೂಲ್ಡ್, ಸೀಟು 790 ಮಿ.ಮೀ., ಸುಮಾರು 126 ಕೆ.ಜಿ. ದಪ್ಪ ಟೈರುಗಳಿಂದಾಗಿ ಮರಳು, ಸಡಿಲ ಮಣ್ಣಿನಲ್ಲಿ ನಿಧಾನ ಸಾಗಲು ಇದಕ್ಕೆ ಸಾಟಿ ಕಡಿಮೆ. ಆದರೆ ಹಿಂದಿನ ಟೈರಿನ ಅಳತೆ 180/80-14, ಎಲ್ಲೆಡೆ ಸಿಗುವಂಥದ್ದಲ್ಲ. ಸಸ್ಪೆನ್ಷನ್ ಗಿಡ್ಡ, ವೇಗವಾಗಿ ಹೋದರೆ ಕುಣಿಸುತ್ತದೆ.

ಯಮಹಾ ಎಕ್ಸ್‌ಟಿ 250: 249 ಸಿಸಿ, ಏರ್ ಕೂಲ್ಡ್, ಸೀಟು 830, ಸುಮಾರು 132 ಕೆ.ಜಿ. ಕಾಲು ಗಿಡ್ಡ ಇರುವ ಹೊಸಬರಿಗೆ ಮೊದಲ ಸಲಹೆ ಇದೇ. ಎಲ್ಲದರಲ್ಲೂ ಸಾಧು, ಜಿಗಿಯಲು ಹೋದರೆ ಮಾತ್ರ ಸಸ್ಪೆನ್ಷನ್ ಬೇಗ ಸೋಲುತ್ತದೆ.

ಕವಾಸಾಕಿ ಕೆಎಲ್‌ಎಕ್ಸ್ 230: 233 ಸಿಸಿ, ಏರ್ ಕೂಲ್ಡ್. 2020ರಲ್ಲಿ ಬಂದ ಮಾದರಿಯ ಸೀಟು 885. ಆಮೇಲೆ ಬಂದ ಎಸ್ ಆವೃತ್ತಿಯದು 830. ಅಂಗಡಿಯಲ್ಲಿ ಯಾವುದು ನಿಂತಿದೆ ಅಂತ ಕೇಳಿಕೊಳ್ಳಿ.

ಹೋಂಡಾ ಸಿಆರ್‌ಎಫ್ 300 ಎಲ್: 286 ಸಿಸಿ, ಲಿಕ್ವಿಡ್ ಕೂಲ್ಡ್, ಆರು ಗೇರು, ಸೀಟು 880, ಸುಮಾರು 142 ಕೆ.ಜಿ. ಅರ್ಧಕ್ಕರ್ಧ ದೂರ ಹೈವೇಯಲ್ಲೇ ಓಡಿಸುವವರಿಗೆ ಸರಿಯಾದದ್ದು. 7.8 ಲೀಟರಿನ ಟ್ಯಾಂಕು ಚಿಕ್ಕದು. ಸ್ಪ್ರಿಂಗ್‌ಗಳು ಭಾರದ ಸವಾರರಿಗೆ ಮೃದು.

ಹೀರೊ ಎಕ್ಸ್‌ಪಲ್ಸ್ 200: 2019ರ ಮೊದಲ ಮಾದರಿಗೆ 199.6 ಸಿಸಿ, ಸೀಟು 823, 154 ಕೆ.ಜಿ., 13 ಲೀಟರ್ ಟ್ಯಾಂಕು. ತೂಕ 155ರ ಅಂಚಿನಲ್ಲಿದೆ, ಶಕ್ತಿ ಕಡಿಮೆ. ಆದರೂ 21 ಮತ್ತು 18 ಇಂಚಿನ ಚಕ್ರ, 220 ಮಿ.ಮೀ. ಅಂತರ ಇರುವುದರಿಂದ ಕಲಿಯಲು ಯೋಗ್ಯ.

ಸುಜುಕಿ ಡಿಆರ್-ಜೆಡ್ 400 ಎಸ್: 2000ನೇ ಇಸವಿಯಿಂದ ಬಂದ, ಗಟ್ಟಿಮುಟ್ಟು ಅಂತ ಹೆಸರಾದ ಬೈಕು. 935 ಮಿ.ಮೀ. ಸೀಟು ಎತ್ತರದವರಿಗೂ ಎತ್ತರವೇ. ಇದು ಎರಡನೆಯ ಬೈಕಾಗಲಿ.

ಹಳೆಯದನ್ನು ಕೊಳ್ಳುವಾಗ

ಮೊದಲ ಬೈಕು ಹಳೆಯದೇ ಇರಲಿ, ಬೀಳಿಸಿದಾಗ ಹೊಟ್ಟೆ ಉರಿಯುವುದಿಲ್ಲ. ನೋಡಲು ಹೋಗುವ ಮುನ್ನ ಎಂಜಿನ್ ಸ್ಟಾರ್ಟ್ ಮಾಡಿಡಬೇಡಿ ಅಂತ ಹೇಳಿ. ಹೋದ ಕೂಡಲೇ ಸಿಲಿಂಡರ್ ಬಳಿ ಕೈ ಇಟ್ಟು ನೋಡಿ. ಬಿಸಿಯಿದ್ದರೆ ತಣ್ಣಗಿದ್ದಾಗ ಸ್ಟಾರ್ಟ್ ಆಗದ ತೊಂದರೆಯನ್ನು ಮುಚ್ಚಿಡುತ್ತಿರಬಹುದು.

ಡ್ಯುಯಲ್ ಸ್ಪೋರ್ಟಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸತ್ಯ ಹೇಳುವ ಜಾಗ ಏರ್ ಫಿಲ್ಟರ್ ಡಬ್ಬ. ತೆರೆಯಿಸಿ. ಫಿಲ್ಟರ್ ತೆಗೆದು, ಅದರಾಚೆ ಎಂಜಿನ್ ಕಡೆಯ ಕೊಳವೆಯೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳಾಡಿಸಿ. ನಯವಾದ ಧೂಳು ಅಂಟಿದರೆ ಅದೇ ಧೂಳು ಪಿಸ್ಟನ್ ರಿಂಗುಗಳನ್ನೂ ಅರೆದಿದೆ. ಹೊರಗಡೆ ಎಷ್ಟೇ ಹೊಳೆಯಲಿ, ಬಿಟ್ಟು ಬನ್ನಿ. ಬಿಸಿಯಾದ ಮೇಲೆ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಲಿಕ್ವಿಡ್ ಕೂಲ್ಡ್ ಎಂಜಿನ್ನಿನ ಆಯಿಲ್ ಬೆಳ್ಳಗೆ ನೊರೆಯಾಗಿದ್ದರೆ ನೀರು ಸೇರಿದೆ. ವಾಟರ್ ಪಂಪ್ ಸೀಲ್ ಇರಬಹುದು, ಹೆಡ್ ಗ್ಯಾಸ್ಕೆಟ್ ಇರಬಹುದು.

ಬೈಕಿನ ಕೆಳಗೆ ಮಲಗಿ ನೋಡಿ. ಎಂಜಿನ್ ಕೇಸಿನ ಮೇಲೆ ಎಪಾಕ್ಸಿ ಮೆತ್ತಿದ ತೇಪೆ, ಫ್ರೇಮ್ ಕೊಳವೆಗಳಲ್ಲಿ ತಗ್ಗು ಇದ್ದರೆ ಗಟ್ಟಿ ಪೆಟ್ಟು ಬಿದ್ದಿದೆ. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ತಡೆಯುವ ಸ್ಟಾಪರ್ ಬಾಗಿದ್ದರೂ ಹಾಗೇ. ಮುಂಚಕ್ರ ಎತ್ತಿ ಹ್ಯಾಂಡಲ್ ಮೆಲ್ಲಗೆ ಆಚೀಚೆ ತಿರುಗಿಸಿ. ಮಧ್ಯದಲ್ಲಿ ಕಟಕ್ಕನೆ ಕೂತರೆ ಸ್ಟೀರಿಂಗ್ ಬೇರಿಂಗ್ ಹೋಗಿದೆ. ಸ್ಪೋಕುಗಳನ್ನು ಸ್ಪಾನರಿನಿಂದ ಒಂದೊಂದಾಗಿ ತಟ್ಟಿ: ಬಿಗಿಯಾದವು ಟಿಣ್ ಅನ್ನುತ್ತವೆ, ಸಡಿಲಾದವು ಮಂದವಾಗಿ ಸದ್ದು ಮಾಡುತ್ತವೆ. ಹಿಂದಿನ ಸ್ಪ್ರಾಕೆಟ್ ಮೇಲೆ ಚೈನನ್ನು ಹಿಂದಕ್ಕೆ ಎಳೆದಾಗ ಅರ್ಧ ಹಲ್ಲು ಕಂಡರೆ ಚೈನು ಮತ್ತು ಎರಡೂ ಸ್ಪ್ರಾಕೆಟ್ ಒಟ್ಟಿಗೆ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಮೀಟರ್ ನಂಬಬೇಡಿ, ಫುಟ್‌ರೆಸ್ಟಿನ ಸವೆತ ನೋಡಿ. ಫ್ರೇಮ್ ನಂಬರು, ಎಂಜಿನ್ ನಂಬರು ಕಾಗದಪತ್ರದ ಜೊತೆ ಅಕ್ಷರ ಬಿಡದೆ ಹೊಂದಬೇಕು.

ಕೊಂಡ ಮೇಲೆ, ಮೊದಲ ಮಣ್ಣುಸವಾರಿಗೆ ಮುನ್ನ

ದುಡ್ಡನ್ನು ಮೊದಲು ನಿಮ್ಮ ಮೇಲೆ ಹಾಕಿ: ಹೆಲ್ಮೆಟ್, ಮೊಣಕಾಲು ಗಾರ್ಡ್, ಗ್ಲೌಸ್, ಎಲ್ಲಕ್ಕಿಂತ ಮುಖ್ಯವಾಗಿ ಕಣಕಾಲು ಮತ್ತು ಮೊಣಕಾಲ ಕೆಳಭಾಗ ಕಾಯುವ ಗಟ್ಟಿ ಬೂಟು. ಬೈಕು ಕಾಲಿನ ಮೇಲೇ ಬೀಳುತ್ತದೆ. ಬೈಕಿಗೆ ಬೇಕಾದದ್ದು ಎರಡೇ: ಎಂಜಿನ್ ಕೆಳಗೆ ಅಲ್ಯೂಮಿನಿಯಂ ಬ್ಯಾಶ್ ಪ್ಲೇಟು, ಲಿವರ್ ಮುರಿಯದಂತೆ ಒಳಗೆ ಲೋಹದ ಪಟ್ಟಿ ಇರುವ ಹ್ಯಾಂಡ್ ಗಾರ್ಡ್. ಸದ್ದು ಮಾಡುವ ಸೈಲೆನ್ಸರ್ ಬೇಡ. ಅದರಿಂದ ದಾರಿಗಳು ಮುಚ್ಚುತ್ತವೆಯೇ ಹೊರತು ಬೈಕು ಏರು ಹತ್ತುವುದಿಲ್ಲ.

ಫುಟ್‌ರೆಸ್ಟ್ ಮೇಲೆ ಎದ್ದು ನಿಂತು, ತೋಳು ಚಾಚಿದಾಗ ಬೆರಳುಗಳು ನೇರವಾಗಿ ಕ್ಲಚ್, ಬ್ರೇಕ್ ಲಿವರಿನ ಮೇಲೆ ಬರುವಂತೆ ಅವುಗಳನ್ನು ಕೆಳಕ್ಕೆ ತಿರುಗಿಸಿ. ಲಿವರ್ ಕ್ಲಾಂಪ್ ಪೂರ್ತಿ ಬಿಗಿ ಬೇಡ. ಬಿದ್ದಾಗ ಸುತ್ತುವಷ್ಟು ಸಡಿಲ ಇದ್ದರೆ ಲಿವರ್ ಮುರಿಯುವುದಿಲ್ಲ. ಕೇಬಲ್ ಕ್ಲಚ್ಚಿನ ಲಿವರ್ ತುದಿಯಲ್ಲಿ 10ರಿಂದ 15 ಮಿ.ಮೀ. ಆಟ ಇರಲಿ. ಏರಿನಲ್ಲಿ ಹಾಫ್ ಕ್ಲಚ್ ಹೆಚ್ಚಾಗಿ ಪ್ಲೇಟು ಬಿಸಿಯಾಗಿ ಸವೆದರೆ ಈ ಆಟ ಮಾಯವಾಗಿ, ಎಂಜಿನ್ ಕೂಗುತ್ತದೆ, ಬೈಕು ಹೋಗುವುದಿಲ್ಲ. ಆಗ ನಿಲ್ಲಿಸಿ ಆರಲು ಬಿಡಿ, ಅಡ್ಜಸ್ಟರ್ ತಿರುಗಿಸಿ ಆಟ ಮತ್ತೆ ಕೊಡಿ. ಹಾಗೇ ಎಳೆದರೆ ಪ್ಲೇಟು ಉಳಿಯುವುದಿಲ್ಲ.

ಟೈರಿನ ಗಾಳಿ ರಸ್ತೆಯಲ್ಲಿ ಕಂಪನಿ ಹೇಳಿದಷ್ಟು. ಮಣ್ಣಿನಲ್ಲಿ 15ರಿಂದ 18 ಪಿಎಸ್‌ಐ. ಟೈರು ಅಗಲವಾಗಿ ನೆಲ ಹಿಡಿಯುತ್ತದೆ. ಚೂಪುಕಲ್ಲಿನ ದಾರಿಯಾದರೆ 20ರ ಹತ್ತಿರ ಇಡಿ. ಕಡಿಮೆ ಗಾಳಿಯಲ್ಲಿ ಕಲ್ಲಿಗೆ ಗುದ್ದಿದರೆ ಟ್ಯೂಬು ರಿಮ್ಮಿಗೂ ಟೈರಿಗೂ ನಡುವೆ ಸಿಕ್ಕು ಎರಡು ಅಕ್ಕಪಕ್ಕದ ತೂತು ಬೀಳುತ್ತವೆ. ರಿಮ್ ಲಾಕ್ (ಟೈರನ್ನು ರಿಮ್ಮಿಗೆ ಒತ್ತಿಹಿಡಿಯುವ ಕ್ಲಾಂಪ್) ಇಲ್ಲದೆ 12ಕ್ಕಿಂತ ಕೆಳಗೆ ಹೋಗಲೇಬೇಡಿ: ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವ್ ಬುಡವನ್ನೇ ಕಿತ್ತುಬಿಡುತ್ತದೆ. ವಾಲ್ವಿನ ನಟ್ಟನ್ನು ರಿಮ್ಮಿಗೆ ಬಿಗಿಯದೆ, ಮೇಲಕ್ಕೆ ತಂದು ಕ್ಯಾಪಿಗೆ ತಾಗಿಸಿಡಿ. ಟೈರು ಜಾರುತ್ತಿದ್ದರೆ ವಾಲ್ವ್ ಓರೆಯಾಗಿ ಕಾಣುತ್ತದೆ, ಕಿತ್ತುಹೋಗುವ ಮುನ್ನ ಸರಿಪಡಿಸಬಹುದು.

ಬೆನ್ನುಚೀಲದಲ್ಲಿ 8, 10, 12, 14, 17 ಸ್ಪಾನರ್, ಎರಡೂ ಆ್ಯಕ್ಸಲ್ಲಿಗೆ ಬೇಕಾದವು, ಎರಡು ಟೈರ್ ಲಿವರ್, ಕೈಪಂಪ್, ಪಂಕ್ಚರ್ ಕಿಟ್, ಚೈನಿನ ಮಾಸ್ಟರ್ ಲಿಂಕ್ (ತುಂಡಾದ ಚೈನು ಜೋಡಿಸುವ ಕೊಂಡಿ), ಕಟ್ಟಲು ಕೇಬಲ್ ಟೈ ಇರಲಿ. ಟ್ಯೂಬು ಒಂದೇ ಒಯ್ಯುವುದಾದರೆ 21 ಇಂಚಿನದನ್ನು ಒಯ್ಯಿರಿ: ಮಡಿಕೆ ಬೀಳುತ್ತದಾದರೂ 18 ಇಂಚಿನ ಹಿಂಚಕ್ರಕ್ಕೆ ತುರ್ತಿಗೆ ತುರುಕಿ ಮನೆ ಸೇರಬಹುದು, 18ರದ್ದನ್ನು 21ಕ್ಕೆ ಎಳೆದು ಹಾಕಲಾಗದು. ಹೊಸ ಬೈಕಾದರೆ ಮೊದಲ ಎರಡು ಮಣ್ಣುಸವಾರಿ ಮುಗಿದ ಮೇಲೆ ಸ್ಪೋಕುಗಳನ್ನೆಲ್ಲ ತಟ್ಟಿ ನೋಡಿ, ಸಡಿಲಾದದ್ದನ್ನು ಕಾಲು ಸುತ್ತಿಗಿಂತ ಹೆಚ್ಚಾಗದಂತೆ ಬಿಗಿ ಮಾಡಿ. ಒಂದೇ ಸಲಕ್ಕೆ ಹೆಚ್ಚು ತಿರುವಿದರೆ ರಿಮ್ ಸೊಟ್ಟಗಾಗುತ್ತದೆ.